ಹಾಕ್ ಮೌಂಟನ್ ಬಂಡೆಯ ಮೇಲೆ ಗಿಡುಗ ಎಣಿಸಿದ್ದು

ಮೋಡವಿಲ್ಲದ ನೀಲಿ ಆಕಾಶ ಅಂದರೆ ಎಲ್ಲರಿಗೂ ಖುಷಿ. ವಲಸೆ ಹೋಗುವ ಗಿಡುಗ ಎಣಿಸುವವರಿಗೆ ಮಾತ್ರ ಅದು ಬೇಡ. ನೀಲಿಯಲ್ಲಿ ಹಕ್ಕಿ ಕರಗಿ ಹೋಗುತ್ತದೆ. ಅರ್ಧ ಗಂಟೆ ಬೈನಾಕ್ಯುಲರ್ ಹಿಡಿದು ಖಾಲಿ ನೀಲಿಯನ್ನೇ ನೋಡುತ್ತಾ ಕೂತರೆ ನಮ್ಮ ಕಣ್ಣೊಳಗೆ ತೇಲುವ ಕಲೆಗಳೇ ಹಕ್ಕಿಯ ಹಾಗೆ ಕಾಣಲು ಶುರುವಾಗುತ್ತವೆ. ಮೊದಲ ದಿನ ನಾನು ಮೂರು ಸಲ ‘ಅಲ್ಲಿ!’ ಅಂತ ಕೈ ತೋರಿಸಿದೆ. ಮೂರು ಸಲವೂ ಅಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯ ಎಣಿಕೆಗಾರ್ತಿ ಬೇಸರ ಮಾಡಿಕೊಳ್ಳಲಿಲ್ಲ. ‘ಸಣ್ಣದಾದರೂ ಒಂದು ಮೋಡ ಹುಡುಕು. ಅದರ ಅಂಚಿನ ಮೇಲೆ ಕಣ್ಣಿಡು. ಹಕ್ಕಿ ಅದರ ಮುಂದೆ ದಾಟಿದರೆ ತಪ್ಪಿಸಿಕೊಳ್ಳಲ್ಲ’ ಅಂದರು. ಅಷ್ಟೇ ಪಾಠ. ಆಮೇಲೆ ಮತ್ತೆ ತಮ್ಮ ಪಾಡಿಗೆ ಆಕಾಶ ನೋಡುತ್ತಾ ಕೂತರು.

ಹಾಕ್ ಮೌಂಟನ್ ಅನ್ನೋ ಈ ಜಾಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದೆ. ಕೆಂಪ್ಟನ್ ಅನ್ನೋ ಚಿಕ್ಕ ಊರಿನ ಹತ್ತಿರ, ಕಿಟಟಿನಿ ಅನ್ನೋ ಉದ್ದನೆಯ ಬೆಟ್ಟಸಾಲಿನ ಮೇಲೆ. ನಾನಿರುವುದು ಆಲೆನ್‌ಟೌನ್ ಕಡೆ, ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ. ಇಷ್ಟು ಹತ್ತಿರ ಇದ್ದೂ ಈ ದೇಶಕ್ಕೆ ಬಂದು ಆರು ವರ್ಷ ಆಗುವವರೆಗೆ ನಾನು ಅಲ್ಲಿಗೆ ಹೋಗಿರಲಿಲ್ಲ. ಒಂದು ಸೆಪ್ಟೆಂಬರ್ ಭಾನುವಾರ ಸುಮ್ನೆ ನಡೆದು ಬರೋಣ ಅಂತ ಹೋದೆ. ಕಲ್ಲು ತುಂಬಿದ ಕಾಡುದಾರಿಯಲ್ಲಿ ಒಂದು ಮೈಲಿ ಹತ್ತಿದರೆ ಉತ್ತರದ ಬಂಡೆ ಸಿಗುತ್ತದೆ, ನಾರ್ತ್ ಲುಕೌಟ್ ಅನ್ನುತ್ತಾರೆ. ಎತ್ತರ 1,521 ಅಡಿ. ನಮ್ಮ ಮಲೆನಾಡಿನ ಲೆಕ್ಕದಲ್ಲಿ ಅದು ಬೆಟ್ಟವೇ ಅಲ್ಲ. ಆದರೆ ಮೇಲೆ ಹತ್ತಿ ನಿಂತಾಗ ಕಂಡದ್ದು ನನ್ನನ್ನು ಅಲ್ಲೇ ನಿಲ್ಲಿಸಿಬಿಟ್ಟಿತು. ಬಂಡೆಗಳ ಸಂದಿಯಲ್ಲಿ, ಬಂಡೆಗಳ ಮೇಲೆ, ಐವತ್ತು ಅರವತ್ತು ಜನ ಕೂತಿದ್ದಾರೆ. ಎಲ್ಲರ ಮುಖವೂ ಮೇಲಕ್ಕೆ. ಒಬ್ಬರೂ ಮಾತಾಡುತ್ತಿಲ್ಲ.

ಹಾಸನದ ಕಡೆಯ ನಮ್ಮೂರಲ್ಲಿ ತೇರಿನ ದಿನ ಗರುಡ ಬಂದು ಸುತ್ತು ಹಾಕುವವರೆಗೆ ಯಾರೂ ಹಗ್ಗಕ್ಕೆ ಕೈ ಹಾಕುವುದಿಲ್ಲ. ನೆತ್ತಿ ಸುಡುವ ಬಿಸಿಲಲ್ಲಿ ಜಾತ್ರೆಗೆ ಬಂದ ಅಷ್ಟೂ ಜನ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾ ನಿಂತಿರುತ್ತಾರೆ. ಯಾರೋ ಒಬ್ಬರಿಗೆ ಮೊದಲು ಕಾಣುತ್ತದೆ, ಕೂಗು ಏಳುತ್ತದೆ, ತೇರು ಹೊರಡುತ್ತದೆ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅದನ್ನು ಎಷ್ಟೋ ಸಲ ನೋಡಿದ್ದೆ. ಹಕ್ಕಿಗಾಗಿ ಇಷ್ಟು ಜನ ಒಟ್ಟಿಗೆ ಕಾಯುವುದನ್ನು ಮತ್ತೆ ನೋಡಿದ್ದು ಈ ಬಂಡೆಯ ಮೇಲೆಯೇ. ಮುಂದಿನ ವಾರ ಮತ್ತೆ ಹೋದೆ. ಅದರ ಮುಂದಿನ ವಾರವೂ. ಮಾರನೇ ವರ್ಷ ವಾಲಂಟಿಯರ್ ಆಗಿ, ಎಣಿಸುವವರ ಪಕ್ಕ ಕೂತು ಬರೆದುಕೊಡುವ ಕೆಲಸಕ್ಕೆ ಸೇರಿದೆ. ಎಣಿಕೆ ಆಗಸ್ಟ್ 15ರಿಂದ ಡಿಸೆಂಬರ್ 15ರವರೆಗೆ ನಡೆಯುತ್ತದೆ. ನಾನು ವಾರಕ್ಕೆ ಒಂದು ದಿನ, ಕೆಲವು ವಾರ ಎರಡು ದಿನ ಹೋಗುತ್ತಿದ್ದೆ.

ಈ ಬಂಡೆಯ ಹಳೆಯ ಕತೆ ಗೊತ್ತಿಲ್ಲದೆ ಅಲ್ಲಿ ಕೂರಬಾರದು ಅನ್ನಿಸುತ್ತದೆ ನನಗೆ. ಸುಮಾರು ನೂರು ವರ್ಷದ ಹಿಂದೆ ಜನ ಇಲ್ಲಿಗೆ ಬರುತ್ತಿದ್ದದ್ದು ಬಂದೂಕು ಹಿಡಿದು. ಗಿಡುಗ ಅಂದರೆ ಕೋಳಿ ಕಳ್ಳ, ಬೇಟೆಗಾರರ ಪಾಲು ಕಸಿಯುವ ಪ್ರಾಣಿ ಅನ್ನೋ ಲೆಕ್ಕ. ನಮ್ಮನೆ ಅಂಗಳಕ್ಕೆ ಹದ್ದಿನ ನೆರಳು ಬಿದ್ದರೆ ಅಮ್ಮನೂ ತಟ್ಟೆ ಬಡಿದುಕೊಂಡು ಓಡಿ ಬರುತ್ತಿದ್ದಳು, ಆ ಸಿಟ್ಟು ನನಗೆ ಅರ್ಥ ಆಗುತ್ತದೆ. ಇಲ್ಲಿ ಅದು ಸಿಟ್ಟಿನಲ್ಲಿ ನಿಲ್ಲಲಿಲ್ಲ. ಗಾಸ್‌ಹಾಕ್ ಅನ್ನೋ ಗಿಡುಗವನ್ನು ಕೊಂದು ತಂದರೆ ಸರ್ಕಾರವೇ 1929ರಿಂದ 5 ಡಾಲರ್ ಕೊಡುತ್ತಿತ್ತು. ಯಾವ ಗಿಡುಗ ಅಂತ ನೋಡುವ ತಾಳ್ಮೆ ಯಾರಿಗಿತ್ತು? ಬಂಡೆಯ ಹತ್ತಿರದಲ್ಲೇ ಹಾರುವ ಎಲ್ಲ ಹಕ್ಕಿಗೂ ಗುಂಡು. 1932ರಲ್ಲಿ ರಿಚರ್ಡ್ ಪೋ (Pough) ಅನ್ನೋ ಯುವಕ ಇಲ್ಲಿಗೆ ಬಂದು, ಕೆಳಗೆ ಬಿದ್ದಿದ್ದ ಸತ್ತ ಹಕ್ಕಿಗಳನ್ನು ಆರಿಸಿ ತಂದು ಸಾಲಾಗಿ ಜೋಡಿಸಿ ಫೋಟೋ ತೆಗೆದ. ಆ ಫೋಟೋ ನೋಡಿದ ನ್ಯೂಯಾರ್ಕ್‌ನ ರೋಸಲಿ ಎಡ್ಜ್, ಹಿಂದೆ ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದ್ದವರು, 1934ರಲ್ಲಿ ಈ ಬೆಟ್ಟದ ಸುಮಾರು 1,400 ಎಕರೆಯನ್ನು ಗುತ್ತಿಗೆಗೆ ತೆಗೆದುಕೊಂಡು ಬೇಟೆ ನಿಲ್ಲಿಸಿಬಿಟ್ಟರು. ಕಾವಲಿಗೆ ಮಾರಿಸ್ ಬ್ರೌನ್ ಅನ್ನೋ ಪಕ್ಷಿತಜ್ಞನನ್ನು ಕರೆಸಿದರು. ಅವರ ಹೆಂಡತಿ ಇರ್ಮಾ ಕೆಳಗೆ ರಸ್ತೆಯಲ್ಲಿ ನಿಂತು ಬಂದೂಕಿನವರನ್ನು ವಾಪಸ್ ಕಳಿಸುತ್ತಿದ್ದರು. ಬ್ರೌನ್ ಮೇಲೆ ಬಂಡೆಯ ಮೇಲೆ ಕೂತು ಹಾರಿ ಹೋಗುವ ಹಕ್ಕಿ ಎಣಿಸಲು ಶುರುಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅವರು ಸೇನೆಗೆ ಹೋದಾಗ ಮೂರು ವರ್ಷ ನಿಂತದ್ದು ಬಿಟ್ಟರೆ ಆ ಎಣಿಕೆ ಇವತ್ತಿಗೂ ನಡೆಯುತ್ತಿದೆ. ಬೇಟೆಯಾಡುವ ಹಕ್ಕಿಗಳ ವಲಸೆಯನ್ನು ಇಷ್ಟು ಕಾಲದಿಂದ ಎಣಿಸಿದ ಇನ್ನೊಂದು ಜಾಗ ಪ್ರಪಂಚದಲ್ಲೇ ಇಲ್ಲ.

ಹಕ್ಕಿಗಳು ಇದೇ ಸಾಲು ಹಿಡಿದು ಯಾಕೆ ಬರುತ್ತವೆ ಅನ್ನೋದು ಗಾಳಿಯಲ್ಲಿ ಕೂತರೆ ತಾನಾಗಿ ಗೊತ್ತಾಗುತ್ತದೆ. ಬೆಟ್ಟಸಾಲು ಈಶಾನ್ಯದಿಂದ ನೈಋತ್ಯಕ್ಕೆ ಮಲಗಿದೆ. ಚಳಿಗಾಳಿಯ ಅಲೆ ಒಂದು ದಾಟಿ ಹೋದ ಮೇಲೆ ವಾಯವ್ಯದಿಂದ ಗಾಳಿ ಬೀಸುತ್ತದೆ. ಅದು ಬೆಟ್ಟದ ಮೈಗೆ ಬಡಿದು, ಬೇರೆ ದಾರಿ ಇಲ್ಲದೆ ಮೇಲಕ್ಕೆ ಏಳುತ್ತದೆ. ಬಂಡೆಯ ತುದಿಯಲ್ಲಿ ನಿಂತು ಒಂದು ಒಣ ಎಲೆ ಬಿಟ್ಟರೆ ಅದು ಕೆಳಗೆ ಬೀಳದೆ ನಮ್ಮ ತಲೆಯ ಮೇಲೆ ಹಾರಿ ಹಿಂದಕ್ಕೆ ಹೋಗುತ್ತದೆ. ಹಕ್ಕಿ ಆ ಗಾಳಿಯ ಮೇಲೆ ಮಲಗಿಕೊಂಡು ರೆಕ್ಕೆ ಬಡಿಯದೆ ಮೈಲಿಗಟ್ಟಲೆ ಜಾರುತ್ತದೆ. ಸಾವಿರಾರು ಮೈಲಿ ಹೋಗಬೇಕಾದ ಜೀವಕ್ಕೆ ಮೈಯಲ್ಲಿರುವ ಕೊಬ್ಬು ಉಳಿದರೆ ಅದೇ ದೊಡ್ಡದು.

ಇನ್ನು ಕೆಲಸ. ಕೈಯಲ್ಲಿ ಒತ್ತಿದಂತೆಲ್ಲ ಲೆಕ್ಕ ಏರುವ ಕ್ಲಿಕ್ಕರ್, ಕುತ್ತಿಗೆಯಲ್ಲಿ ಬೈನಾಕ್ಯುಲರ್, ತೊಡೆಯ ಮೇಲೆ ಫಾರಂ. ಗಂಟೆಗೊಮ್ಮೆ ಗಾಳಿಯ ವೇಗ, ದಿಕ್ಕು, ಉಷ್ಣಾಂಶ, ಆಕಾಶದಲ್ಲಿ ಎಷ್ಟು ಭಾಗ ಮೋಡ, ಎಷ್ಟು ದೂರ ಕಾಣುತ್ತದೆ, ಹಕ್ಕಿಗಳು ಎಷ್ಟು ಎತ್ತರದಲ್ಲಿವೆ, ನೋಡುವವರು ಎಷ್ಟು ಜನ, ಇಷ್ಟನ್ನೂ ಬರೆಯಬೇಕು. ಬೇಸಿಗೆಯಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ಅಲ್ವಾ? ಎಣಿಕೆಯ ಫಾರಂಗೆ ಆ ಬದಲಾವಣೆ ಇಲ್ಲ, ಅದು ವರ್ಷವಿಡೀ ಮೂಲ ಸಮಯದಲ್ಲೇ ನಡೆಯುತ್ತದೆ. ಹಾಗಾಗಿ ನವೆಂಬರ್ ಬರುವವರೆಗೆ ನನ್ನ ಕೈಗಡಿಯಾರ ಒಂದು ಹೇಳಿದರೆ ಫಾರಂ ಇನ್ನೊಂದು ಹೇಳುತ್ತಿತ್ತು. ಮೊದಲ ದಿನ ಇಡೀ ಒಂದು ಗಂಟೆಯ ಲೆಕ್ಕವನ್ನು ತಪ್ಪು ಕಾಲಂನಲ್ಲಿ ಬರೆದು, ಅದನ್ನು ಹೊಡೆದು ಪಕ್ಕದಲ್ಲಿ ಬರೆದೆ. ಆಮೇಲೆ ಹಳೆಯ ವಾಚ್ ಒಂದನ್ನು ಮೂಲ ಸಮಯಕ್ಕೆ ಇಟ್ಟು ಬ್ಯಾಗಿಗೇ ಕಟ್ಟಿಕೊಂಡೆ.

ದೂರದ ಬೆಟ್ಟದ ಅಂಚಿನಲ್ಲಿ ಕಾಣುವ ದಿಬ್ಬಗಳಿಗೆ ಒಂದರಿಂದ ಐದರವರೆಗೆ ನಂಬರ್ ಇದೆ. ‘ಮೂರರ ಮೇಲೆ ಒಂದು, ಕೆಳಗೆ ಬರ್ತಿದೆ’ ಅಂದರೆ ಬಂಡೆಯ ಮೇಲಿನ ಎಲ್ಲರ ಬೈನಾಕ್ಯುಲರ್ ಒಂದೇ ಕಡೆ ತಿರುಗುತ್ತದೆ. ಕಂಡ ಹಕ್ಕಿಯನ್ನೆಲ್ಲ ಎಣಿಸುವ ಹಾಗಿಲ್ಲ. ನಮ್ಮನ್ನು ದಾಟಿ ದಕ್ಷಿಣಕ್ಕೆ ಹೋದರೆ ಮಾತ್ರ ಲೆಕ್ಕ. ಅಲ್ಲೇ ಕಣಿವೆಯಲ್ಲಿ ಬಾಳುವ ಕೆಂಬಾಲದ ರೆಡ್‌ಟೇಲ್ ಜೋಡಿ ದಿನಕ್ಕೆ ಹತ್ತು ಸಲ ಮುಖ ತೋರಿಸಿದರೂ ಲೆಕ್ಕಕ್ಕಿಲ್ಲ. ಬಂಡೆಯ ಹತ್ತಿರ ಒಂದು ಕೋಲಿನ ತುದಿಗೆ ಪ್ಲಾಸ್ಟಿಕ್ ಗೂಬೆ ಸಿಕ್ಕಿಸಿರುತ್ತಾರೆ. ಗೂಬೆ ಕಂಡರೆ ಗಿಡುಗಗಳಿಗೆ ಆಗಲ್ಲ. ದೂರದಲ್ಲಿ ಹೋಗುತ್ತಿದ್ದ ಶಾರ್ಪ್‌ಶಿನ್ ಅನ್ನೋ ಸಣ್ಣ ಗಿಡುಗ ಸಟ್ಟನೆ ತಿರುಗಿ ಆ ಗೂಬೆಯ ತಲೆಗೆ ಎರಗುತ್ತದೆ. ಒಮ್ಮೆ ಒಂದು ಮರಿ ಗಿಡುಗ ನನ್ನಿಂದ ಎರಡು ಮಾರು ದೂರದಲ್ಲಿ ಹಾಗೆ ಎರಗಿ, ಗಾಳಿಯಲ್ಲೇ ಒಂದು ಗಳಿಗೆ ನಿಂತಿತು. ಹಳದಿ ಕಣ್ಣು. ಎದೆಯ ಮೇಲೆ ಕಂದು ಗೀರು. ಕಾಲು ಎಷ್ಟು ಸಣ್ಣ ಅಂದರೆ ಅಗರಬತ್ತಿಯ ಕಡ್ಡಿಯ ಹಾಗೆ. ಬೆರಳು ಬಿಚ್ಚಿತ್ತು, ಉಗುರಿನ ಕಪ್ಪೂ ಕಾಣುತ್ತಿತ್ತು. ಮರುಕ್ಷಣ ಬೆಟ್ಟದ ಆಚೆ ಮಾಯ. ಪಾರಿವಾಳಕ್ಕಿಂತ ಚಿಕ್ಕ ಜೀವ ಅದು. ಆ ವರ್ಷ ಎಲ್ಲೋ ಕಾಡಿನ ಗೂಡಲ್ಲಿ ಹುಟ್ಟಿ, ದಾರಿ ತೋರಿಸುವ ಅಪ್ಪ ಅಮ್ಮ ಇಲ್ಲದೆ ಒಂಟಿಯಾಗಿ ದಕ್ಷಿಣಕ್ಕೆ ಹೊರಟಿತ್ತು.

ಶಾರ್ಪ್‌ಶಿನ್‌ಗೆ ಕೂಪರ್ಸ್ ಅನ್ನೋ ದಾಯಾದಿ ಇದೆ. ಎರಡನ್ನೂ ಬೇರೆ ಮಾಡುವುದರಲ್ಲೇ ನನ್ನ ಮೊದಲ ಅಕ್ಟೋಬರ್ ಕಳೆಯಿತು. ಪುಸ್ತಕದಲ್ಲಿ ಓದಿದ್ದೆ: ಶಾರ್ಪ್‌ಶಿನ್ ತಲೆ ಸಣ್ಣದು, ರೆಕ್ಕೆಯ ಮುಂದಿನ ಅಂಚಿನಲ್ಲಿ ಹುದುಗಿರುತ್ತದೆ, ಬಾಲದ ತುದಿ ಕತ್ತರಿಸಿದ ಹಾಗೆ. ಕೂಪರ್ಸ್ ತಲೆ ಮುಂದಕ್ಕೆ ಚಾಚಿರುತ್ತದೆ, ಬಾಲ ಉದ್ದ, ತುದಿ ದುಂಡಗೆ. ಓದುವಾಗ ಸುಲಭ. ಬಂಡೆಯ ಮೇಲೆ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿರುವಾಗ, ಹಕ್ಕಿ ಎದುರಿಗೇ ಬರುತ್ತಿರುವಾಗ, ಸಿಗುವುದು ನಾಲ್ಕು ಸೆಕೆಂಡು. ಒಂದು ದಿನ ಒಂದು ಹಕ್ಕಿ ದಾಟಿದ ತಕ್ಷಣ ನಾನು ‘ಕೂಪರ್ಸ್’ ಅಂದೆ. ಪಕ್ಕದಲ್ಲಿದ್ದ ಹಿರಿಯ ಎಣಿಕೆಗಾರ್ತಿ ಕೇಳಿದ್ದು ಒಂದೇ ಮಾತು: ‘ಏನು ಕಂಡಿತು?’ ತಲೆ ಹೇಗಿತ್ತು, ನೋಡಿರಲಿಲ್ಲ. ಬಾಲದ ತುದಿ, ನೋಡಿರಲಿಲ್ಲ. ರೆಕ್ಕೆ ಬಡಿತ ನಿಧಾನವಾಗಿತ್ತಾ, ಚುರುಕಾ, ಹೇಳಲು ಬರಲಿಲ್ಲ. ದೊಡ್ಡದು ಅನ್ನಿಸಿತ್ತು, ಅಷ್ಟೇ. ಅವರು ಬೈಯಲಿಲ್ಲ. ‘ಹಾಗಾದರೆ ಗುರುತಾಗದ ಆಕ್ಸಿಪಿಟರ್ ಅಂತ ಬರಿ’ ಅಂದರು. ಈ ಬಳಗದ ಗಿಡುಗಗಳಿಗೆ ಎಣಿಕೆಗಾರರು ಆಕ್ಸಿಪಿಟರ್ ಅನ್ನುತ್ತಾರೆ. ಫಾರಂನಲ್ಲಿ ಅದಕ್ಕೇ ಬೇರೆ ಕಾಲಂ ಇದೆ. ಯಾವ ಗುಂಪು ಅಂತಲೂ ಗೊತ್ತಾಗದಿದ್ದರೆ ಇನ್ನೊಂದು ಕಾಲಂ. ಗೊತ್ತಾಗಲಿಲ್ಲ ಅಂತ ಬರೆಯಲು ಮರ್ಯಾದೆಯ ಜಾಗ ಇಟ್ಟಿರುವ ಫಾರಂ ಅದು. ನಾನು ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಡೇಟಾ ನೋಡುತ್ತಿದ್ದೇನೆ, ಅಂಥ ಕಾಲಂ ಕಂಡದ್ದು ಕಡಿಮೆ.

ಸೆಪ್ಟೆಂಬರ್ ಮಧ್ಯದ ಆ ಎರಡು ವಾರದ ಬಗ್ಗೆ ಹೇಳಲೇಬೇಕು. ಕೆನಡಾ ಮತ್ತು ಈಶಾನ್ಯ ಅಮೆರಿಕದ ಕಾಡುಗಳ ಬ್ರಾಡ್‌ವಿಂಗ್ ಗಿಡುಗಗಳೆಲ್ಲ ಒಟ್ಟಿಗೆ ಹೊರಡುವ ಹೊತ್ತು ಅದು. ಕಾಗೆಯ ಗಾತ್ರದ ಹಕ್ಕಿ, ಬಾಲದಲ್ಲಿ ಕಪ್ಪು ಬಿಳಿ ಪಟ್ಟೆ. ದೊಡ್ಡ ನೀರಿನ ಮೇಲೆ ಹಾರಲು ಇಷ್ಟಪಡಲ್ಲ, ಹಾಗಾಗಿ ಟೆಕ್ಸಾಸ್, ಮೆಕ್ಸಿಕೋ ದಾರಿಯಲ್ಲಿ ಸಮುದ್ರ ಬಳಸಿಕೊಂಡು ದಕ್ಷಿಣ ಅಮೆರಿಕಕ್ಕೆ ಹೋಗುತ್ತವೆ. ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಬೆಟ್ಟಕ್ಕೂ ಸಮುದ್ರಕ್ಕೂ ನಡುವಿನ ಸಪೂರ ನೆಲದ ಮೇಲೆ ಒಂದೇ ಶರತ್ಕಾಲದಲ್ಲಿ 40 ಲಕ್ಷಕ್ಕೂ ಜಾಸ್ತಿ ಬೇಟೆ ಹಕ್ಕಿಗಳು ದಾಟುತ್ತವೆ. ನಮ್ಮ ಬಂಡೆಯಲ್ಲಿ ಇಡೀ ಋತುವಿಗೆ ಸರಾಸರಿ 18,000 ಆಸುಪಾಸು. ಆದರೆ 1978ರ ಸೆಪ್ಟೆಂಬರ್ 14ರಂದು ಒಂದೇ ದಿನ ಇಲ್ಲಿ 21,448 ಬ್ರಾಡ್‌ವಿಂಗ್ ದಾಟಿದ್ದವು. ಅವತ್ತು ಅಲ್ಲಿದ್ದವರ ಕತ್ತು, ಕಣ್ಣು, ಬೆರಳು ಏನಾಗಿರಬೇಡ!

ಬಿಸಿಲಿಗೆ ನೆಲ ಕಾದು ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಬ್ರಾಡ್‌ವಿಂಗ್‌ಗಳು ಅದರೊಳಗೆ ಸೇರಿ ಸುತ್ತುತ್ತಾ ಸುತ್ತುತ್ತಾ ಏರುತ್ತವೆ. ಇದಕ್ಕೆ ಇಲ್ಲಿನವರು ಕೆಟಲ್ ಅನ್ನುತ್ತಾರೆ. ಎಸರು ಕುದಿಯುವಾಗ ಅಕ್ಕಿ ಮೇಲೆ ಬಂದು, ಕೆಳಗೆ ಹೋಗಿ, ಮತ್ತೆ ಮೇಲೆ ಬರುತ್ತದಲ್ಲ, ಬರಿಗಣ್ಣಿಗೆ ಥೇಟ್ ಹಾಗೇ ಕಾಣುತ್ತದೆ. ಅದನ್ನು ಸುತ್ತುವಾಗ ಎಣಿಸಲು ಹೋಗಬಾರದು. ಎರಡು ಸಲ ಎಣಿಸಿದರೆ ಎರಡು ಸಂಖ್ಯೆ ಬರುತ್ತದೆ. ಕಾಯಬೇಕು. ತುದಿ ಮುಟ್ಟಿದ ಹಕ್ಕಿ ರೆಕ್ಕೆ ಅರ್ಧ ಮಡಚಿ ದಕ್ಷಿಣಕ್ಕೆ ಜಾರಲು ಶುರುಮಾಡುತ್ತದೆ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೊಂದು, ಕೊನೆಗೆ ಇಡೀ ಗುಂಪು ಇರುವೆ ಸಾಲಿನ ಹಾಗೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಆಗ ಆಕಾಶದಲ್ಲಿ ಒಂದು ಗೆರೆ ಗುರುತು ಮಾಡಿಕೊಂಡು, ಅದನ್ನು ದಾಟಿದ ಒಂದೊಂದಕ್ಕೂ ಒಂದು ಕ್ಲಿಕ್. ತುಂಬಾ ಇದ್ದರೆ ಐದಕ್ಕೊಂದು, ಹತ್ತಕ್ಕೊಂದು.

ನಾನು ಇವತ್ತಿಗೂ ಮರೆಯದ ತಪ್ಪು ಮಾಡಿದ್ದು ಅಂಥ ಒಂದು ಮಧ್ಯಾಹ್ನ. ಒಂದು ದೊಡ್ಡ ಕೆಟಲ್ ಬಿಚ್ಚಿಕೊಂಡಿತ್ತು. ಹಿರಿಯರು ಇನ್ನೊಂದು ಕಡೆಯ ಗುಂಪು ಎಣಿಸುತ್ತಿದ್ದರು, ಇದನ್ನು ನನಗೆ ಬಿಟ್ಟಿದ್ದರು. ಕೈ ನಡುಗುತ್ತಿತ್ತು. ಎಣಿಸುತ್ತಾ ಹೋದೆ, ಸಾಲು ಒಂದು ಮೋಡದ ಹಿಂದೆ ಹೊಕ್ಕಿತು. ಇನ್ನೂ ಬಾಲ ಉಳಿದಿತ್ತು ಅಂತ ನನಗೆ ಖಾತ್ರಿ. ಎಷ್ಟು ಉಳಿದಿರಬಹುದು? ಮೋಡದೊಳಗೆ ಏನೂ ಕಾಣುತ್ತಿರಲಿಲ್ಲ, ಆದರೂ ಬೆರಳು ನಿಲ್ಲಲಿಲ್ಲ. ಹತ್ತು ಕ್ಲಿಕ್ ಒತ್ತಿದೆ. ಕ್ಲಿಕ್ಕರ್ 83 ತೋರಿಸುತ್ತಿತ್ತು. ಅವರು ‘ಎಷ್ಟು?’ ಅಂದರು. ‘83’ ಅಂದೆ. ಅವರು ಪೆನ್ಸಿಲ್ ಎತ್ತಿದರು. ಆ ಎರಡು ಸೆಕೆಂಡಿನಲ್ಲಿ ನನಗೆ ಏನಾಯಿತೋ, ‘ಕೊನೆಯ ಹತ್ತು ಕಾಣಲಿಲ್ಲ, ಇರಬಹುದು ಅಂತ ಒತ್ತಿದೆ’ ಅಂದುಬಿಟ್ಟೆ. ಅವರು ನನ್ನ ಮುಖ ನೋಡಲೂ ಇಲ್ಲ. 73 ಅಂತ ಬರೆದರು. ಮತ್ತೆ ಬೈನಾಕ್ಯುಲರ್ ಎತ್ತಿದರು. ಸ್ವಲ್ಪ ಹೊತ್ತಿನ ಮೇಲೆ, ಕಣ್ಣು ತೆಗೆಯದೆಯೇ, ‘ಹೇಳಿದ್ದು ಒಳ್ಳೇದಾಯ್ತು’ ಅಂದರು.

ಹತ್ತು ಹಕ್ಕಿಗೆ ಯಾಕೆ ಇಷ್ಟು ಅಂತ ಯಾರಾದರೂ ಕೇಳಬಹುದು. ನಾನೂ ಆ ರಾತ್ರಿ ಕಾರಿನಲ್ಲಿ ಬರುವಾಗ ಕೇಳಿಕೊಂಡೆ. ಉತ್ತರ ಈ ಬಂಡೆಯ ಹಳೆಯ ಫಾರಂಗಳಲ್ಲೇ ಇದೆ. ಇಲ್ಲಿ ಹಕ್ಕಿಯ ಸಂಖ್ಯೆಯ ಜೊತೆ ಮರಿಯೋ ದೊಡ್ಡದೋ ಅಂತಲೂ ಬರೆಯುತ್ತಾರೆ. 1935ರಿಂದ 1939ರವರೆಗೆ ದಾಟಿದ ಬಾಲ್ಡ್ ಈಗಲ್ ಅನ್ನೋ ಬಿಳಿ ತಲೆಯ ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 1959ರಲ್ಲಿ ಅದು 20ಕ್ಕೆ ಇಳಿಯಿತು. 1957ರಲ್ಲಂತೂ 32 ದೊಡ್ಡ ಹದ್ದಿಗೆ ಒಂದೇ ಒಂದು ಮರಿ. ಡಿಡಿಟಿ ಅನ್ನೋ ಕೀಟನಾಶಕ ಆಹಾರದ ಜೊತೆ ಹದ್ದಿನ ಮೈ ಸೇರಿ ಮೊಟ್ಟೆಯ ಚಿಪ್ಪನ್ನು ತೆಳ್ಳಗೆ ಮಾಡುತ್ತಿತ್ತು, ಕಾವು ಕೊಡುವಾಗಲೇ ಮೊಟ್ಟೆ ಒಡೆಯುತ್ತಿತ್ತು ಅನ್ನೋದು ಆಮೇಲೆ ಗೊತ್ತಾಯಿತು. ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ ಕೀಟನಾಶಕಗಳ ಬಗ್ಗೆ 1962ರಲ್ಲಿ ತಂದ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಈ ಬಂಡೆಯ ಲೆಕ್ಕವನ್ನೇ ಸಾಕ್ಷಿಯಾಗಿ ಇಟ್ಟರು. 1972ರಲ್ಲಿ ಅಮೆರಿಕ ಡಿಡಿಟಿ ನಿಲ್ಲಿಸಿತು. ಈಗ ನಮ್ಮ ಫಾರಂನಲ್ಲಿ ಒಂದು ಋತುವಿಗೆ ನೂರಾರು ಬಾಲ್ಡ್ ಈಗಲ್ ಬರುತ್ತವೆ. ಆ ದಿನಗಳಲ್ಲಿ ಬಂಡೆಯ ಮೇಲೆ ಕೂತವರು ಮರಿ ಹದ್ದು ‘ಇದ್ದಿರಬಹುದು’ ಅಂತ ಹತ್ತು ಸೇರಿಸಿದ್ದರೆ? ಮರಿ ಕಾಣಲಿಲ್ಲ ಅಂತ ಅವರು ಬರೆದದ್ದೇ ಕೊನೆಗೆ ಹದ್ದು ಉಳಿಯಲು ನೆರವಾಯಿತು. ಈಗ ಕೆಸ್ಟ್ರಲ್ ಅನ್ನೋ ಸಣ್ಣ ಚಾಣ ಇಲ್ಲಿ ಕಡಿಮೆ ಆಗುತ್ತಾ ಬಂದಿದೆ. ಅಕ್ಟೋಬರ್‌ನಲ್ಲಿ ಏರೋಪ್ಲೇನ್ ಚಿಟ್ಟೆ ಹಿಡಿದು ಹಾರುತ್ತಲೇ ತಿನ್ನುತ್ತಾ ಹೋಗುವ ಅದನ್ನು ಕಂಡಾಗಲೆಲ್ಲ ಕ್ಲಿಕ್ ಒತ್ತುವ ಮೊದಲು ಒಂದು ಕ್ಷಣ ಎದೆ ಹಿಡಿದ ಹಾಗಾಗುತ್ತದೆ.

ನಿಜ ಹೇಳಬೇಕಂದರೆ ಹೆಚ್ಚಿನ ದಿನಗಳಲ್ಲಿ ಏನೂ ಆಗುವುದಿಲ್ಲ. ಆಗ್ನೇಯದ ಗಾಳಿ, ಕಣಿವೆ ತುಂಬಾ ಮಂಜು, ಎರಡು ಗಂಟೆಗೊಂದು ಹಕ್ಕಿ. ಡಬ್ಬಿಯಲ್ಲಿ ತಂದ ಚಿತ್ರಾನ್ನವನ್ನೂ ಪಾಳಿಯ ಮೇಲೆ ತಿನ್ನಬೇಕು, ಒಬ್ಬರು ತಿನ್ನುವಾಗ ಒಬ್ಬರ ಕಣ್ಣು ಆಕಾಶದಲ್ಲಿ. ಅಮ್ಮ ಭಾನುವಾರ ಫೋನಿನಲ್ಲಿ ‘ಇವತ್ತೆಷ್ಟು ಹದ್ದು ಬಂದ್ವು?’ ಅಂತ ಕೇಳುತ್ತಾಳೆ. ‘ಹನ್ನೊಂದು’ ಅಂದರೆ ‘ಅಯ್ಯೋ, ಚಳೀಲಿ ಕೂತಿದ್ದಕ್ಕೆ ಅಷ್ಟೇನಾ’ ಅಂತ ನನ್ನ ಪರವಾಗಿ ಬೇಜಾರು ಮಾಡಿಕೊಳ್ಳುತ್ತಾಳೆ. ಒಂದು ಸಲ ಹಾರಿಯರ್ ಬಗ್ಗೆ ಹೇಳುತ್ತಿದ್ದೆ. ಸೊಂಟದ ಮೇಲೆ ಬಿಳಿ ಮಚ್ಚೆ, ರೆಕ್ಕೆ ಸ್ವಲ್ಪ ಮೇಲೆತ್ತಿ ಓಲಾಡುತ್ತಾ ಹೋಗುತ್ತದೆ ಅಂದೆ. ನಮ್ಮಲ್ಲಿ ಅದರ ಬಳಗಕ್ಕೆ ಸೆಳೆವ ಅನ್ನುತ್ತಾರೆ. ಮಧ್ಯ ಏಷ್ಯಾದಿಂದ ಹಾರಿ ಬಂದು ಹೆಸರಘಟ್ಟದ ಹುಲ್ಲುಗಾವಲಲ್ಲಿ ಚಳಿಗಾಲ ಕಳೆಯುತ್ತವೆ. ಹೊಲದ ಮೇಲೆ ತಗ್ಗಿನಲ್ಲಿ ಹಾರುತ್ತಾ ಮಿಡತೆ ಹಿಡಿಯುವ ಹಕ್ಕಿ ಅಂದ ತಕ್ಷಣ ಅಮ್ಮ ‘ಸುಗ್ಗಿ ಹೊತ್ತಲ್ಲಿ ಬರುತ್ತಲ್ಲ, ಅದಾ?’ ಅಂದಳು. ಅದೇ ಇರಬೇಕು. ಅವಳು ಅದನ್ನು ನನಗಿಂತ ಮೊದಲೇ ನೋಡಿದ್ದಳು.

ನವೆಂಬರ್ ಎರಡನೇ ವಾರದ ಒಂದು ದಿನ ಬಂಡೆಯ ಮೇಲೆ ಆ ಹಿರಿಯ ಎಣಿಕೆಗಾರ್ತಿ ಮತ್ತು ನಾನು, ಇಬ್ಬರೇ. ಎಲೆಯೆಲ್ಲ ಉದುರಿ ಕಾಡು ಬೂದಿ ಬಣ್ಣಕ್ಕೆ ತಿರುಗಿತ್ತು. ವಾಯವ್ಯದ ಗಾಳಿ ಎಷ್ಟು ಜೋರಿತ್ತು ಅಂದರೆ ಫಾರಂ ಹಿಡಿಯಲು ಎರಡು ಕೈ ಬೇಕಿತ್ತು. ಗಡಿಯಾರಗಳು ಹಿಂದಕ್ಕೆ ಹೋಗಿದ್ದವು, ನನ್ನ ಎರಡು ವಾಚುಗಳೂ ಈಗ ಒಂದೇ ಸಮಯ ಹೇಳುತ್ತಿದ್ದವು. ಎರಡು ಗಂಟೆ ದಾಟಿರಬೇಕು, ನಾಲ್ಕನೇ ದಿಬ್ಬದ ಮೇಲೆ ಒಂದು ಕಪ್ಪು ಗೆರೆ ಕಂಡಿತು. ಅಲುಗಾಡುತ್ತಿರಲಿಲ್ಲ. ಅಷ್ಟು ಗಾಳಿಯಲ್ಲಿ ಟರ್ಕಿ ವಲ್ಚರ್ ಅನ್ನೋ ರಣಹದ್ದು ಆದರೆ ಆಚೀಚೆ ತೂಗಾಡಬೇಕು. ನಾನು ಏನೂ ಹೇಳಲಿಲ್ಲ. ಹತ್ತಿರ ಬಂತು. ಬೆಟ್ಟದ ಅಂಚಿಗೆ ಅಂಟಿಕೊಂಡ ಹಾಗೆ, ನಮ್ಮ ಕಣ್ಣಿನ ಮಟ್ಟದಲ್ಲೇ ಬಂತು. ತಿರುಗಿದಾಗ ಬಿಸಿಲು ಅದರ ಕುತ್ತಿಗೆಯ ಹಿಂಭಾಗಕ್ಕೆ ಬಿತ್ತು.

‘ಗೋಲ್ಡನ್ ಈಗಲ್’ ಅಂದೆ.

‘ಏನು ಕಂಡಿತು?’

‘ರೆಕ್ಕೆ ಸ್ವಲ್ಪ ಮೇಲಕ್ಕೆ ಎತ್ತಿದೆ, ಹಲಗೆ ಹಾಗಿಲ್ಲ. ತಲೆ ಚಿಕ್ಕದು. ಕತ್ತಿನ ಹಿಂದೆ ಹೊಂಬಣ್ಣ. ಬಾಲದ ಬುಡ ಬಿಳಿ, ತುದಿ ಕಪ್ಪು. ರೆಕ್ಕೆಯ ಕೆಳಗೂ ಬಿಳಿ ಮಚ್ಚೆ ಇದೆ. ಈ ವರ್ಷದ ಮರಿ.’

ಅವರು ಬೈನಾಕ್ಯುಲರ್ ಇಳಿಸಿ ಫಾರಂ ನನ್ನ ಕಡೆ ಚಾಚಿದರು. ಬೆರಳು ಮರಗಟ್ಟಿತ್ತು, ಕೈಗವಸು ಹಲ್ಲಲ್ಲಿ ಕಚ್ಚಿ ತೆಗೆದು 1 ಅಂತ ಬರೆದೆ. ಹದ್ದು ನಮ್ಮ ಮುಂದೆಯೇ ಹಾದು, ರೆಕ್ಕೆ ಒಂದು ಸಲವೂ ಬಡಿಯದೆ, ದಕ್ಷಿಣದ ತಿರುವಿನಲ್ಲಿ ಮರೆಯಾಯಿತು. ಅದಾದ ಮೇಲಿನ ಗಂಟೆ ಸೊನ್ನೆ. ಮೂರೂವರೆಗೆ ಹಿಮದ ಪುಡಿ ಬೀಳಲು ಶುರುವಾಯಿತು. ಫಾರಂ ನೆನೆಯದ ಹಾಗೆ ಕೋಟಿನೊಳಗೆ ಇಟ್ಟುಕೊಂಡು, ಪ್ಲಾಸ್ಟಿಕ್ ಗೂಬೆಯನ್ನು ಬಿಚ್ಚಿ ಕಂಕುಳಲ್ಲಿ ಹಿಡಿದು, ಇಬ್ಬರೂ ಕೆಳಗಿಳಿದೆವು.